ಕುಡುಗೋಲು, ಮಚ್ಚುಗಳನ್ನು ಮುಂಚಿತವಾಗಿ ಹೇಳಿ ಮಾಡಿಸುವ ಕ್ರಮ

ಬೀಜ, ಗೊಬ್ಬರ, ಎತ್ತುಗಳ ವಿಷಯದಲ್ಲಿ ತಿಂಗಳುಗಟ್ಟಲೆ ಮುಂದಾಗಿ ಯೋಚಿಸುವ ಬೇಸಾಯಗಾರರು ಕುಡುಗೋಲು, ಮಚ್ಚುಗಳನ್ನು ಕೊಯ್ಲಿನ ಹಿಂದಿನ ವಾರದವರೆಗೂ ಮರೆತಿರುವುದುಂಟು. ತೆನೆ ಬಲಿತು ಬಾಗಿದ ಮೇಲೆ ಹೆಸರಾದ ಕಮ್ಮಾರನ ಬಳಿಗೆ ಹೋದರೆ, “ಎರಡು ತಿಂಗಳು ತಾಳಬೇಕು” ಎಂಬ ಉತ್ತರ ಬರುತ್ತದೆ. ಬೆಳೆಯು ತಾಳುವುದಿಲ್ಲ. ಆಗ ಸಂತೆಯಲ್ಲಿ ಕೈಗೆ ಸಿಕ್ಕಿದ ಮುಟ್ಟನ್ನು ಕೊಂಡುತಂದು, ಕೊಯ್ಲು ಮುಗಿಯುವ ಮೊದಲೇ ಅದನ್ನು ಮೂಲೆಗೆ ಎಸೆಯಬೇಕಾಗುತ್ತದೆ. ಯುದ್ಧಕಾಲೇ ಶಸ್ತ್ರಾಭ್ಯಾಸವೆಂಬ ಮಾತು ಇಲ್ಲಿಗೆ ಚೆನ್ನಾಗಿ ಒಪ್ಪುತ್ತದೆ. ಒಳ್ಳೆಯ ಮುಟ್ಟಿಗಾಗಿ ಕಾಯುವುದು ನಷ್ಟವಲ್ಲ. ಕಾಯುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೇ ನಷ್ಟ. ಇದನ್ನು ತಿಳಿಯಪಡಿಸುವುದೇ ಈ ಪತ್ರಿಕೆಯ ಉದ್ದೇಶ.

೧. ಕೆಟ್ಟ ಮುಟ್ಟಿನಿಂದ ಆಗುವ ಹಾನಿ

ಮೊಂಡು ಕುಡುಗೋಲಿನಿಂದ ಬತ್ತವನ್ನು ಎಳೆದೆಳೆದು ಕೊಯ್ದರೆ ಬಲಿತ ಕಾಳು ಗದ್ದೆಯಲ್ಲಿಯೇ ಉದುರುತ್ತದೆ. ರಾಗಿಯ ಪೈರು ಬೇರುಸಹಿತ ಕಿತ್ತುಬಂದು ಮಣ್ಣು ಕಣವನ್ನು ಸೇರುತ್ತದೆ. ಕಬ್ಬಿನಲ್ಲಿ ಹಾನಿಯು ಇನ್ನೂ ಹೆಚ್ಚು. ಬಲಿತ ಜಲ್ಲೆಯ ಬುಡದ ಗೆಣ್ಣುಗಳಲ್ಲಿಯೇ ಸಕ್ಕರೆಯ ಅಂಶ ಅಧಿಕವಾಗಿರುವುದರಿಂದ ನೆಲಕ್ಕೆ ಸಮನಾಗಿ ಒಂದೇ ಏಟಿಗೆ ಕಡಿಯಬೇಕು. ಹದವಿಲ್ಲದ ಮಚ್ಚು ಬುಡವನ್ನು ಸೀಳುತ್ತದೆ. ಸೀಳಿದ ಬುಡದಿಂದ ಕೂಳೆಬೆಳೆಯು ಚೆನ್ನಾಗಿ ಚಿಗುರದು. ೧೯೩೩ನೆಯ ಇಸವಿಯಲ್ಲಿ ಮೈಸೂರು ಸಕ್ಕರೆ ಕಂಪೆನಿಯು ಸ್ಥಾಪಿತವಾದ ಮಂಡ್ಯದಂತಹ ಸೀಮೆಗಳಲ್ಲಿ ಕಡಿದ ಕಬ್ಬನ್ನು ಬೇಗನೆ ಸಾಗಿಸದಿದ್ದರೆ ತೂಕವೂ ಸಕ್ಕರೆಯೂ ಇಳಿಯುವುದನ್ನು ರೈತರು ಬಲ್ಲರು. ಅರ್ಧ ದಿನವನ್ನು ಸಾಣೆಕಲ್ಲಿನ ಮುಂದೆ ಕಳೆಯುವ ಆಳಿನಿಂದ ಬೇಗನೆ ಕೆಲಸವಾಗುವುದೆಂತು? ಇವೆಲ್ಲಕ್ಕಿಂತ ಮುಖ್ಯವಾದುದೆಂದರೆ, ಹರಿತವಿಲ್ಲದ ಅಲಗಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಅದು ಜಾರಿದರೆ ಆಳಿನ ಕಾಲಿಗೆ ಬೀಳುತ್ತದೆ.

೨. ಒಳ್ಳೆಯ ಕಮ್ಮಾರನು ತಡಮಾಡುವುದೇಕೆ

ನಮ್ಮ ನಾಡಿಗೆ ಉಕ್ಕು ಹೊಸದಲ್ಲ. ೧೮೦೦–೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್ ಎಂಬ ವೈದ್ಯನು, ಮಣ್ಣಿನ ಮೂಸೆಗಳಲ್ಲಿ ಉಕ್ಕನ್ನು ತಯಾರಿಸುತ್ತಿದ್ದ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಆ ಮೂಸೆಯುಕ್ಕು ಈಗ ನಮ್ಮ ಕುಲುಮೆಗಳಲ್ಲಿ ಇಲ್ಲ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯೇ ಬಹುಮಟ್ಟಿಗೆ ಬಳಕೆಯಲ್ಲಿದೆ. ಆದರೆ ಉಕ್ಕು ಯಾವುದಾದರೂ ಅದಕ್ಕೆ ಹದ ಕೊಡತಕ್ಕ ಕೆಲಸವು ಒಂದೇ.

ಕಾಯಿಸಿ ಬಡಿದು ಆಕಾರಕ್ಕೆ ತಂದ ಅಲಗನ್ನು ಸುಮಾರು ೮೦೦ ರಿಂದ ೮೫೦ ಡಿಗ್ರಿ ಸೆಂಟಿಗ್ರೇಡಿನವರೆಗೆ, ಎಂದರೆ ಕೆಂಡದ ಕೆಂಪಿಗೆ, ಕಾಯಿಸಿ ಎಣ್ಣೆಯಲ್ಲಾಗಲಿ ನೀರಿನಲ್ಲಾಗಲಿ ಅದ್ದುತ್ತಾರೆ. ಇದರಿಂದ ಉಕ್ಕು ಗಾಜಿನಂತೆ ಗಡುಸಾಗುತ್ತದೆ. ಕಲ್ಲಿಗೆ ತಗುಲಿದರೆ ಮುರಿಯುತ್ತದೆ. ಆದುದರಿಂದ ಅದನ್ನು ಉಜ್ಜಿ ಹೊಳಪು ಮಾಡಿ ಎರಡನೆಯ ಸಲ ಮೆಲ್ಲಗೆ ಬಿಸಿಮಾಡಬೇಕು. ಆಗ ಅಲಗಿನ ಮೇಲೆ ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ ಬಣ್ಣಗಳು ಒಂದಾದಮೇಲೊಂದು ಓಡುತ್ತವೆ. ಹಳದಿಯು ಸುಮಾರು ೨೩೦ ಡಿಗ್ರಿಯಲ್ಲಿ, ನೀಲಿಯು ಸುಮಾರು ೩೦೦ ಡಿಗ್ರಿಯಲ್ಲಿ ಕಾಣುವುದು. ಏಟು ತಿನ್ನುವ ಮಚ್ಚಿಗೆ ನೇರಳೆಯವರೆಗೆ ಬಿಡಬಹುದು. ಪೈರು ಕೊಯ್ಯುವ ತೆಳು ಅಲಗಿಗೆ ಅದಕ್ಕಿಂತ ಮೊದಲೇ ನಿಲ್ಲಿಸಬೇಕು. ಕ್ಷಣಮಾತ್ರ ಕಣ್ಣು ತಪ್ಪಿದರೂ ಹದ ಕೆಡುತ್ತದೆ. ಈ ಕೆಲಸವನ್ನು ಅವಸರಪಡಿಸಿದವನು ತನ್ನ ಮುಟ್ಟನ್ನು ತಾನೇ ಕೆಡಿಸಿದಂತೆ.

೩. ಯಾವಾಗ ಹೇಳತಕ್ಕದ್ದು

ಕಮ್ಮಾರನಿಗೆ ವರ್ಷದಲ್ಲಿ ಎರಡು ದಟ್ಟಣೆಯ ಕಾಲಗಳುಂಟು. ಮುಂಗಾರಿಗೆ ಮುಂಚೆ ಗುಳ, ಗುದ್ದಲಿಗಳ ಕೆಲಸ. ಕೊಯ್ಲಿಗೆ ಮುಂಚೆ ಕುಡುಗೋಲುಗಳ ಕೆಲಸ. ಇವೆರಡರಲ್ಲಿಯೂ ಹೋಗಕೂಡದು. ಒಕ್ಕಣೆ ಮುಗಿದ ಮಾಘ ಫಾಲ್ಗುಣಗಳಲ್ಲಿ ಹೇಳಿ, ಆಷಾಢ ಶ್ರಾವಣಗಳ ಬಿಡುವಿನಲ್ಲಿ ಮಾಡಿಸಿಕೊಂಡರೆ, ಕಾರ್ತಿಕ ಮಾರ್ಗಶಿರಗಳ ಕೊಯ್ಲಿಗೆ ಮುಟ್ಟು ಸಿದ್ಧವಾಗಿರುತ್ತದೆ. ಕಮ್ಮಾರನೊಬ್ಬನು ದಿನಕ್ಕೆ ನಾಲ್ಕು ಕುಡುಗೋಲುಗಳನ್ನು ಮುಗಿಸುವನೆಂದು ಇಟ್ಟುಕೊಳ್ಳೋಣ. ನಲವತ್ತು ಮನೆಗಳು ಮನೆಗೆರಡರಂತೆ ಹೇಳಿದರೆ ಬೇರೆ ಯಾವ ಕೆಲಸವೂ ಇಲ್ಲದಿದ್ದರೂ ಇಪ್ಪತ್ತು ದಿನ ಹಿಡಿಯುತ್ತದೆ. ಸುತ್ತಲಿನ ಐದು ಹಳ್ಳಿಗಳವರು ಅವನೊಬ್ಬನನ್ನೇ ನಂಬಿದ್ದರೆ ಮೂರು ತಿಂಗಳಿಗಿಂತ ಮೊದಲು ಕೊಡುವುದು ಅವನಿಂದಾಗದು. ಈ ಲೆಕ್ಕವನ್ನು ಪ್ರತಿಯೊಬ್ಬರೂ ಮನಸ್ಸಿಗೆ ತಂದುಕೊಳ್ಳಬೇಕು.

೪. ಹೇಳುವಾಗ ಗೊತ್ತುಮಾಡಿಕೊಳ್ಳತಕ್ಕ ವಿಷಯಗಳು

(ಅ) ಕೈಗೆ ಒಗ್ಗಿದ ಹಳೆಯ ಮುಟ್ಟನ್ನೇ ಮಾದರಿಯಾಗಿ ಕೊಡಬೇಕು. ಬಾಯಿಮಾತಿನ ಅಳತೆಯನ್ನು ನಂಬಬಾರದು.

(ಆ) ಹಲ್ಲಿನ ಕುಡುಗೋಲಿನಲ್ಲಿ ಹಲ್ಲುಗಳು ಒಂದೇ ಮಗ್ಗುಲಿಗೆ ಇರುವುದರಿಂದ, ಎಡಗೈಯಲ್ಲಿ ಕೊಯ್ಯುವವರಿದ್ದರೆ ಮೊದಲೇ ಹೇಳಬೇಕು.

(ಇ) ಸವೆದ ಹಲ್ಲನ್ನು ಮತ್ತೆ ಹಾಕಿಕೊಡುವ ಒಪ್ಪಂದವನ್ನು ಕ್ರಯದೊಡನೆಯೇ ಮಾಡಿಕೊಳ್ಳಬೇಕು.

(ಈ) ಹಿಡಿಗೆ ಒಣಗಿದ ಕರಿಜಾಲಿಯು ಗಟ್ಟಿಯಾದುದು. ಅಲಗಿನ ಬಾಲವು ಹಿಡಿಯೊಳಗೆ ಆಳವಾಗಿ ಹೋಗಿರಬೇಕು. ಹಿಡಿಯ ಬಾಯಿಗೆ ಕಬ್ಬಿಣದ ಬಳೆ ಇರಬೇಕು.

(ಉ) ಕ್ರಯ, ಕೊಟ್ಟ ಮುಂಗಡ, ಕೊಡತಕ್ಕ ತಿಂಗಳು ಇವುಗಳನ್ನು ಬರೆದಿಟ್ಟು ಇಬ್ಬರೂ ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳಬೇಕು.

ಮುಂಗಡವನ್ನು ಕೊಡಲು ಹಿಂದೆಗೆಯಬಾರದು. ಹಿಂದೆ ಕಮ್ಮಾರನು ಆಯಗಾರರಲ್ಲಿ ಒಬ್ಬನಾಗಿದ್ದು, ಕಣದಲ್ಲಿ ತನ್ನ ಪಾಲಿನ ಧಾನ್ಯವನ್ನು ಪಡೆಯುತ್ತಿದ್ದನು. ಕಬ್ಬಿಣವನ್ನೂ ಇದ್ದಿಲನ್ನೂ ರೈತನೇ ಒದಗಿಸುವುದು ವಾಡಿಕೆಯಾಗಿತ್ತು. ಆ ಏರ್ಪಾಡು ಹೋದ ಮೇಲೆ ಇವನ್ನು ಅವನೇ ಹಣ ಕೊಟ್ಟು ತರಬೇಕಾಗಿದೆ. ಆದರೆ ಪೂರ್ತಿ ಹಣವನ್ನು ಮೊದಲೇ ಕೊಡುವುದೂ ವಿವೇಕವಲ್ಲ. ಕಬ್ಬಿಣ ಇದ್ದಿಲುಗಳ ವೆಚ್ಚಕ್ಕೆ ಸಾಕಾಗುವಷ್ಟು ಮುಂಗಡ, ಉಳಿದುದು ಪರೀಕ್ಷೆಯಾದ ಮೇಲೆ: ಇದು ಇಬ್ಬರಿಗೂ ನ್ಯಾಯವಾದುದು.

೫. ಸರದಿಯ ವಿಷಯದಲ್ಲಿ ಯಜಮಾನರ ಹೊಣೆ

ಮನೆಗೊಬ್ಬರಂತೆ ಕಮ್ಮಾರನ ಬಾಗಿಲಿಗೆ ಅಲೆಯುವುದಕ್ಕಿಂತ ಊರಿನವರೆಲ್ಲರೂ ಕೂಡಿ ಒಂದೇ ಪಟ್ಟಿಯನ್ನು ಕೊಡುವುದು ಮೇಲು. ಒಂದೇ ಮಾದರಿಯ ಅಲಗುಗಳನ್ನು ಒಟ್ಟಿಗೆ ಮಾಡುವುದರಿಂದ ಕೆಲಸ ಬೇಗ ಸಾಗುತ್ತದೆ, ಇದ್ದಿಲೂ ಉಳಿಯುತ್ತದೆ. ಪಟ್ಟಿಯನ್ನು ಊರ ಯಜಮಾನರು ಇಟ್ಟುಕೊಂಡಿರಲಿ. ಆದರೆ ಅದರ ಸರದಿಯನ್ನು ಅವರೇ ಮುರಿಯಕೂಡದು. “ನಮ್ಮ ಮನೆಯದು ಮೊದಲಾಗಲಿ” ಎಂದು ದೊಡ್ಡವರು ಹೇಳಿಕಳುಹಿಸಿದರೆ ಕಮ್ಮಾರನು ಇಲ್ಲವೆನ್ನಲಾರನು. ಅರ್ಧಕ್ಕೆ ಬಂದಿದ್ದ ಮತ್ತೊಬ್ಬನ ಕೆಲಸವನ್ನು ಬದಿಗಿಡುತ್ತಾನೆ. ನಾಲ್ಕು ಕುಡುಗೋಲುಗಳಿರುವ ಮನೆಗೆ ಎಂಟು ದಿನ ತಡವಾದರೆ ಕೊರತೆಯೇನೂ ಇಲ್ಲ. ಒಂದೇ ಕುಡುಗೋಲನ್ನು ನಂಬಿರುವ ಕೂಲಿಯವನಿಗೆ ಆ ಎಂಟು ದಿನಗಳೆಂದರೆ ಸುಗ್ಗಿಯ ಕೂಲಿಯೇ ಹೋದಂತೆ. ಅವನಿಲ್ಲದೆ ದೊಡ್ಡವರ ಗದ್ದೆಯ ಕೊಯ್ಲೂ ಆಗುವುದಿಲ್ಲವೆಂಬುದನ್ನು ನೆನೆಯಬೇಕು.

೬. ಮುಟ್ಟನ್ನು ಪರೀಕ್ಷಿಸುವ ರೀತಿ

ಹಿಡಿ ಹಾಕುವ ಮೊದಲು ಅಲಗನ್ನು ದಾರದಲ್ಲಿ ತೂಗಹಾಕಿ ಮೆಲ್ಲಗೆ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ಒಳ್ಳೆಯದು. ಒಡಕು ದನಿ ಬಂದರೆ ಬಿರುಕನ್ನು ಹುಡುಕಬೇಕು. ಅರವನ್ನು ಬಾಯಿಯ ಮೇಲೆ ಎಳೆದಾಗ ಅದು ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಹೆಚ್ಚು, ಆ ಬಾಯಿ ಚಕ್ಕೆಯೇಳುತ್ತದೆ. ಮೆತುವಾಗಿ ಆಳಕ್ಕೆ ಕಚ್ಚಿದರೆ ಹದ ಕಡಮೆ, ಆ ಬಾಯಿ ಮಡಿಚಿಕೊಳ್ಳುತ್ತದೆ. ಸ್ವಲ್ಪವೇ ಕಚ್ಚಬೇಕು. ಮಚ್ಚಾದರೆ ಒಣಬಿದಿರಿನ ಗೆಣ್ಣನ್ನು ನಾಲ್ಕು ಸಲ ಕಡಿದು ಬಾಯಿಯನ್ನು ನೋಡತಕ್ಕದ್ದು. ದೋಷ ಕಂಡರೆ ಅಂದೇ ಹಿಂದಕ್ಕೆ ಕೊಡಬೇಕು. ಒಂದು ಸುಗ್ಗಿ ದುಡಿಸಿದ ಮೇಲೆ ದೂರುವುದು ಸಲ್ಲದು.

೭. ಕಾಯುವ ಕಾಲದಲ್ಲಿ

ಹೊಸದು ಬರುವವರೆಗೆ ಹಳೆಯದನ್ನು ಬಿಸಾಡಬಾರದು. ಅದನ್ನು ನೀರು ಹಾಕುತ್ತಾ ಕೈಸಾಣೆಯಲ್ಲಿ ಮಸೆದು, ಎಣ್ಣೆ ಸವರಿ, ಒಣಗಿದ ಕಡೆಯಲ್ಲಿಡಬೇಕು. ವೇಗವಾಗಿ ತಿರುಗುವ ಸಾಣೆಚಕ್ರಕ್ಕೆ ಒಣಗಿದ ಅಲಗನ್ನು ಒತ್ತಿಹಿಡಿದರೆ ಬಾಯಿಗೆ ನೀಲಿ ಬಣ್ಣವೇರಿ ಕಮ್ಮಾರನು ಕೊಟ್ಟ ಹದವೆಲ್ಲಾ ಇಳಿದುಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷವೆಂಬ ಗಾದೆಯು ಕಮ್ಮಾರನ ಕೆಲಸಕ್ಕೂ ಸಲ್ಲುತ್ತದೆ.

ಆದುದರಿಂದ ರೈತರು ಈ ಸಲದ ಒಕ್ಕಣೆ ಮುಗಿದೊಡನೆ ಮನೆಯಲ್ಲಿರುವ ಮುಟ್ಟುಗಳನ್ನು ಎಣಿಸಿ ನೋಡಿ, ಬೇಕಾದುವುಗಳ ಪಟ್ಟಿಯನ್ನು ಯಜಮಾನರಿಗೆ ಒಪ್ಪಿಸತಕ್ಕದ್ದು. ಕಣವನ್ನು ಗುಡಿಸುವ ದಿನವೇ ಮುಂದಿನ ಕುಡುಗೋಲಿಗೆ ಹೇಳುವ ದಿನವೆಂದು ತಿಳಿಯಬೇಕು.