ಕೇಳಿದ್ದನ್ನು ಊರಿಗೆ ಒಯ್ಯಬೇಡಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಿಂದ ಬೆಂಗಳೂರು, ಪುಣೆಗೆ ನೌಕರಿಗೆ ಹೋದ ಮಕ್ಕಳೇ, ಬಾರಿನಲ್ಲಿ ಕೂತು ಜನ ತಮ್ಮ ಬಾಳಿನ ನಿಜಕಥೆ ಹೇಳುವ ರಾತ್ರಿಗಳಿಗೆ ನೀವೂ ಹೋಗುತ್ತಿರಬಹುದು. 1997ರಲ್ಲಿ ಕಾದಂಬರಿಕಾರ ಜಾರ್ಜ್ ಡಾಸ್ ಗ್ರೀನ್ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಶುರುಮಾಡಿದ ‘ದಿ ಮಾತ್’ ಇದಕ್ಕೆ ದೊಡ್ಡ ಹೆಸರು ತಂದಿತು. ಅದರ ಸ್ಪರ್ಧೆಯಲ್ಲಿ ಒಬ್ಬರಿಗೆ 5 ನಿಮಿಷ. ಚೀಟಿ ನೋಡಿ ಓದುವಂತಿಲ್ಲ.

ಹೋಗಿರಿ, ತಪ್ಪೇನಿಲ್ಲ. ಬಾರು ಅಂದಮಾತ್ರಕ್ಕೆ ಕುಡಿಯಲೇಬೇಕೆಂದೂ ಇಲ್ಲ, ಸೋಡಾ ಹಿಡಿದು ಕೂತರಾಯಿತು. ಆದರೆ ಯಾರೋ ದುಃಖ ನುಂಗುತ್ತ ಹೇಳಿದ್ದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಹಾಕುತ್ತೀರಲ್ಲ, ಅದು ಸರಿಯಲ್ಲ. ನಮ್ಮ ಕಡೆ ಊರು, ಅಡ್ಡಹೆಸರು ಇಷ್ಟು ಗೊತ್ತಾದರೆ ಸಾಕು. ಬೆಳಗಾಗುವಷ್ಟರಲ್ಲಿ ಸುದ್ದಿ ಹೇಳಿದವಳ ಅಪ್ಪ ಊರಲ್ಲಿ ಕೂರುವ ಕಟ್ಟೆ ಮುಟ್ಟಿರುತ್ತದೆ.

ನಮ್ಮ ಕಡೆಯ ಹಲಸಂಗಿ ಗೆಳೆಯರ ಬಳಗ 1931ರಲ್ಲಿ ತಂದ ಜನಪದ ಹಾಡುಗಳ ಸಂಗ್ರಹ ‘ಗರತಿಯ ಹಾಡು’ ತೆಗೆದು ನೋಡಿ. ಬೀಸುಕಲ್ಲಿನ ಮುಂದೆ ಹೆಣ್ಣುಮಕ್ಕಳು ತೋಡಿಕೊಂಡ ತವರಿನ ಹಂಬಲ, ಅತ್ತೆಮನೆಯ ಸಂಕಟ ಎಲ್ಲ ಅದರಲ್ಲಿದೆ. ಹಾಡಿದವಳು ಯಾರ ಮನೆಯ ಸೊಸೆ ಎಂಬ ಪತ್ತೆ ಮಾತ್ರ ಇಲ್ಲ.

ನೀವೇ ಹೇಳಲು ಎದ್ದರೆ ನಿಮ್ಮದನ್ನಷ್ಟೇ ಹೇಳಿ. ಅಕ್ಕನ ಮುರಿದ ಮದುವೆ ಅಕ್ಕನದು. ಅವಳನ್ನು ಕೇಳದೆ ಮೈಕಿನ ಮುಂದೆ ಬಿಚ್ಚಬೇಡಿ. ಧೈರ್ಯಕ್ಕೆಂದು ಮೊದಲೇ ಎರಡು ಗ್ಲಾಸು ಏರಿಸಿದರೆ ಬಾಯಿಗೆ ಬಂದದ್ದೆಲ್ಲ ಹೊರಬೀಳುತ್ತದೆ. ಹೇಳಿ ಇಳಿದವರಿಗೆ ಬುದ್ಧಿವಾದವೂ ಬೇಡ, “ಚಲೋ ಹೇಳಿದ್ರಿ” ಅಂದರೆ ಸಾಕು. ಮೊಬೈಲು ಕಿಸೆಯಲ್ಲೇ ಇರಲಿ.