ಕ್ಯಾನ್ಸರ್ ಕೋಶದೊಳಗೆ ಟೆಲೊಮರೇಸಿನ ವಾಸಸ್ಥಾನ

ಉದ್ಯಾವರದ ಹೊಳೆಯಲ್ಲಿ ದೋಣಿ ಕಟ್ಟುವ ಹಗ್ಗದ ತುದಿಯನ್ನು ಬಿಗಿಯದಿದ್ದರೆ ಹುರಿಗಳು ಬಿಚ್ಚಿಹೋಗುವವೆಂಬದನ್ನು ನಾವೆಲ್ಲರೂ ಬಲ್ಲೆವು. ನಮ್ಮ ಜೀವಕೋಶದ ಕೇಂದ್ರದಲ್ಲಿರುವ 46 ವರ್ಣತಂತುಗಳ ತುದಿಗಳಿಗೂ ಇಂಥ ಕಟ್ಟುಂಟು; ಅದಕ್ಕೆ ಟೆಲೊಮಿಯರ್ ಎಂದು ಹೆಸರು. ಕೋಶವು ಒಡೆದು ಎರಡಾಗುವಾಗಲೆಲ್ಲಾ ಈ ಕಟ್ಟು ಸವೆಯುವದು. ತೀರಾ ಸವೆದ ಮೇಲೆ ಕೋಶವು ವೃದ್ಧಿಯಾಗದೆ ನಿಲ್ಲುವದು. ದೇಹಕ್ಕೆ ಇದೊಂದು ಕಾವಲು.

ಹತ್ತು ಕ್ಯಾನ್ಸರುಗಳಲ್ಲಿ ಎಂಟೊಂಬತ್ತು ಈ ಕಾವಲನ್ನು ಮೀರುವದು ಟೆಲೊಮರೇಸ್ ಎಂಬ ಕಿಣ್ವದ ಬಲದಿಂದ. ಸವೆದ ತುದಿಯನ್ನು ಪುನಃ ಹೊಸೆಯುವ ಈ ಕಿಣ್ವವನ್ನು 1984ರಲ್ಲಿ ಎಲಿಜಬೆತ್ ಬ್ಲ್ಯಾಕ್‌ಬರ್ನ್ ಎಂಬವರೂ ಅವರ ಶಿಷ್ಯೆ ಕ್ಯಾರಲ್ ಗ್ರೈಡರ್ ಎಂಬವರೂ ಕಂಡುಹಿಡಿದರು. 2009ರಲ್ಲಿ ಈ ಸ್ತ್ರೀಯರಿಬ್ಬರೂ ಜ್ಯಾಕ್ ಶೋಸ್ಟ್ಯಾಕ್ ಎಂಬವರೊಡನೆ ನೊಬೆಲ್ ಬಹುಮಾನವನ್ನು ಹೊಂದಿದರು.

ಟೆಲೊಮರೇಸಿಗೆ ಮುಖ್ಯ ಅಂಗಗಳು ಎರಡು. ಒಂದು, ಹೊಸೆಯತಕ್ಕ ಮಾದರಿಯನ್ನು ಹೊತ್ತಿರುವ ಆರ್‌ಎನ್‌ಎ; ಮತ್ತೊಂದು, ಹೊಸೆಯುವ ಕೈಯಂತಿರುವ ಟರ್ಟ್ ಎಂಬ ಪ್ರೋಟೀನು. ಕ್ಯಾನ್ಸರ್ ಕೋಶಗಳಲ್ಲಿ ಈ ಆರ್‌ಎನ್‌ಎಯು ಕೋಶಕೇಂದ್ರದೊಳಗಿನ ಕಾಹಲ್ ಕಾಯಗಳೆಂಬ ಸಣ್ಣ ಉಂಡೆಗಳಲ್ಲಿ ಕೂಡಿರುವದೆಂದು 2004ರಲ್ಲಿ ತಿಳಿದುಬಂತು. ಸಾಧಾರಣ ಕೋಶಗಳಲ್ಲಿ ಹಾಗೆ ಕಾಣಲಿಲ್ಲ. ಟರ್ಟ್ ಬಹುಕಾಲ ಬೇರೆ ಬಿಂದುಗಳಲ್ಲಿರುವದು. ವರ್ಣತಂತುಗಳು ಇಮ್ಮಡಿಯಾಗುವ ಸಮಯದಲ್ಲಿ ಮಾತ್ರ ಎರಡೂ ಟೆಲೊಮಿಯರುಗಳ ಬಳಿ ಸೇರುವವೆಂದು 2006ರ ಪರೀಕ್ಷೆಗಳು ತೋರಿಸಿದವು. ಸಜೀವ ಕೋಶಗಳನ್ನು ನೋಡಿದ 2016ರ ಶೋಧನೆಯು, ಟೆಲೊಮರೇಸು ಕೇಂದ್ರದೊಳಗೆಲ್ಲಾ ಅಲೆಯುತ್ತಾ ತುದಿಗಳನ್ನು ಮತ್ತೆ ಮತ್ತೆ ಮುಟ್ಟಿ, ಕೆಲವೊಮ್ಮೆ ಮಾತ್ರ ನೆಲೆನಿಲ್ಲುವದೆಂದು ತಿಳಿಸಿತು. ಎಲ್ಲಿ ಕೂಡುವವೆಂದು ಅರಿತರೆ ಎಲ್ಲಿ ತಡೆಯಬೇಕೆಂಬದೂ ತಿಳಿಯುವದು. ಆ ಆರ್‌ಎನ್‌ಎಗೆ ಅಂಟಿಕೊಂಡು ಕೆಲಸವನ್ನು ನಿಲ್ಲಿಸುವ ಇಮೆಟೆಲ್‌ಸ್ಟ್ಯಾಟ್ ಎಂಬ ಔಷಧಕ್ಕೆ 2024ರಲ್ಲಿ ಅಮೇರಿಕದಲ್ಲಿ ಒಂದು ರಕ್ತರೋಗಕ್ಕಾಗಿ ಅನುಮತಿ ದೊರೆಯಿತು.

ಈ ಪರೀಕ್ಷೆಗಳಲ್ಲಿ ಬಹಳಷ್ಟು ನಡೆದದ್ದು ಹೀಲಾ ಕೋಶಗಳಲ್ಲಿ. ಐದು ಮಕ್ಕಳ ತಾಯಿಯಾದ ಹೆನ್ರಿಯೆಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕೊರಳಿನ ಕ್ಯಾನ್ಸರಿನಿಂದ 1951ರಲ್ಲಿ, ಆಕೆಯ ಒಪ್ಪಿಗೆ ಕೇಳದೆಯೇ, ಅವು ತೆಗೆಯಲ್ಪಟ್ಟವು. ಆಕೆ ಅದೇ ವರುಷ ತೀರಿಹೋದಳು. ಕೋಶಗಳು ಇಂದಿಗೂ ಬೆಳೆಯುತ್ತಿವೆ. ಆಕೆಯ ಹೆಸರನ್ನು ಕೃತಜ್ಞತೆಯಿಂದ ಸ್ಮರಿಸುವದು ನಮಗೆ ಕರ್ತವ್ಯವು.

ಅದೇ ರೋಗವು ನಮ್ಮ ದೇಶದ ಸ್ತ್ರೀಯರಲ್ಲಿಯೂ ಹೆಚ್ಚಾಗಿದೆ. ಆದರೆ ಅದು ಮುಂಚಿತವಾಗಿ ಕಂಡುಹಿಡಿಯಬಹುದಾದ ರೋಗ. ಅದನ್ನು ತಡೆಯುವ ಲಸಿಕೆಯೂ ಉಂಟು. ಮಣಿಪಾಲದ ಆಸ್ಪತ್ರೆ ನಮಗೆ ದೂರವಲ್ಲ. ಹಳೆ ವಿದ್ಯಾರ್ಥಿನಿಯರೂ ತಾಯಂದಿರೂ ನಾಚಿಕೆಯಿಂದ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳುವದಾದರೆ, ಈ ಪಾಠವು ಸಾರ್ಥಕವಾಯಿತೆಂದು ಎಣಿಸುವೆವು.