ಮರೆಗುಳಿತನದ ಆರೈಕೆಯಲ್ಲಿ ಮಿತಿ ಯಾರಿಗೆ?

ಮರೆಗುಳಿತನವೆಂದರೆ ಮಿದುಳಿನ ಜೀವಕೋಶಗಳು ಹಾನಿಗೊಂಡು ನೆನಪು, ಮಾತು, ವಿವೇಚನೆಗಳು ಕುಂದುತ್ತ ಹೋಗುವ ಸ್ಥಿತಿ. ಇಂಥ ಹಿರಿಯರ ಆರೈಕೆಯಲ್ಲಿ ಮಿತಿಯನ್ನು ರೋಗಿಗೆ ವಿಧಿಸಲಾಗದು. ವಿಧಿಸಬೇಕಾದದ್ದು ಆರೋಗ್ಯವಾಗಿದ್ದೂ ದೂರ ನಿಂತ ಬಂಧುಗಳಿಗೆ ಎಂಬುದು, ತಂದೆಯ ಆರೈಕೆಯನ್ನು ವರ್ಷಗಟ್ಟಲೆ ಒಬ್ಬಳೇ ಹೊತ್ತ ಈ ಲೇಖಕಿಗೆ ಮನದಟ್ಟಾದ ಸತ್ಯ.

ಈ ಕಾಯಿಲೆಯಲ್ಲಿ ಹೊತ್ತು ಇಳಿಯುತ್ತಿದ್ದಂತೆ ಗೊಂದಲ, ಕಳವಳ, ಅಲೆದಾಟಗಳು ಹೆಚ್ಚುವುದುಂಟು. ವೈದ್ಯರು ಇದನ್ನು ಸನ್‌ಡೌನಿಂಗ್ ಎನ್ನುತ್ತಾರೆ. ಮಳೆಗಾಲದ ಒಂದು ರಾತ್ರಿ, ತಾವಿರುವುದು ಪರರ ಮನೆಯೆಂದು ನಂಬಿದ ತಂದೆ, ಎಂದೋ ಮಾರಿಹೋದ ಹಳ್ಳಿಯ ಮನೆಗೆ ಹೊರಡುವ ಹಟ ಹಿಡಿದು, ಬಾಗಿಲಿಗೆ ಅಡ್ಡ ನಿಂತ ಮಗಳನ್ನು ಕಳ್ಳಿಯೆಂದು ಕೂಗಿ ಊರುಗೋಲಿನಿಂದ ಹೊಡೆದರು. ನಿದ್ದೆಗೆಟ್ಟು ಸೊರಗಿದ್ದ ಆಕೆ ಹೊಸ್ತಿಲಲ್ಲೇ ಕುಸಿದು ಕುಳಿತರೂ ಅಲ್ಲಿಂದ ಏಳುವಂತಿರಲಿಲ್ಲ, ಏಕೆಂದರೆ ತಂದೆ ಆಕೆಯ ತಲೆಯ ಮೇಲೆ ಕೈಚಾಚಿ ಚಿಲಕವನ್ನು ಎಳೆಯುತ್ತಲೇ ಇದ್ದರು, ನಡುನಡುವೆ ಸತ್ತುಹೋದ ತಮ್ಮ ತಾಯಿಯನ್ನು ಕರೆಯುತ್ತಿದ್ದರು. ಬೆಳಗಿನ ಜಾವ ನೆರವು ಕೇಳಿ ಫೋನ್ ಮಾಡಿದಾಗ ಬೆಂಗಳೂರಿನ ಅಣ್ಣ ಹೇಳಿದ್ದು, ತಂಗಿಗೆ ತಾಳ್ಮೆ ಸಾಲದು ಎಂದು. ತಂದೆಯ ಏಟಿಗೆ ಕಾಯಿಲೆಯ ಕಾರಣವಿತ್ತು. ಅಣ್ಣನ ಮಾತಿಗೆ ಯಾವ ಕಾರಣವೂ ಇರಲಿಲ್ಲ. ತಂದೆ-ತಾಯಿಯರ ಪೋಷಣೆ ಕುರಿತ 2007ರ ಕೇಂದ್ರ ಕಾಯ್ದೆ ಈ ಹೊಣೆಯನ್ನು ಗಂಡು-ಹೆಣ್ಣೆಂಬ ಭೇದವಿಲ್ಲದೆ ವಯಸ್ಕ ಮಕ್ಕಳ ಮೇಲೆ ಹೊರಿಸಿದೆ. ಆದರೆ ತಿಂಗಳ ಹಣ ಕಳಿಸಿದರೆ ಹೊಣೆ ತೀರಿತೆಂದು ಭಾವಿಸುವವರಿಗೆ ರಾತ್ರಿಯ ಎಚ್ಚರ ಲೆಕ್ಕಕ್ಕೇ ಬರುವುದಿಲ್ಲ.

ಅಂದಿನಿಂದ ಲೇಖಕಿ ಮೂರು ನಿಯಮಗಳನ್ನು ಪಾಲಿಸಿದರು: ಬಂದು ರಾತ್ರಿ ಕಾಯದವರ ಸಲಹೆಯನ್ನು ಕೇಳುವುದಿಲ್ಲ, ತಿಂಗಳಲ್ಲಿ ಒಂದು ಶನಿವಾರ, ಭಾನುವಾರ ಆರೈಕೆ ಪೂರ್ತಿ ಅಣ್ಣನದು, ಮುಂಜಾನೆಯ ನಡಿಗೆಯ ಹೊತ್ತಿನಲ್ಲಿ ಫೋನ್ ಮನೆಯಲ್ಲೇ ಇರುತ್ತದೆ. ತಂದೆಗೆ ಹಗಲುನಿದ್ದೆ ಕಡಿಮೆ ಮಾಡಿಸಿ, ಕತ್ತಲಾಗುವ ಮುನ್ನವೇ ದೀಪ ಹಚ್ಚಿದ್ದರಿಂದ ಸಂಜೆಯ ಕಳವಳವೂ ತುಸು ತಗ್ಗಿತು. ಮನಸ್ಸು ತೀರ ಕುಗ್ಗಿದಾಗ, 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ನಿಯಮಗಳನ್ನು ನೆಂಟರು ಕಲ್ಲುಮನಸ್ಸೆಂದು ಕರೆದರು. ಆದರೆ ತನ್ನ ಪಾಳಿಯ ಮೊದಲ ರಾತ್ರಿಯನ್ನು ಬಾಗಿಲ ಬಳಿ ಕಳೆದ ಅಣ್ಣ, ರಾತ್ರಿಗೊಬ್ಬ ಸಹಾಯಕರನ್ನು ನೇಮಿಸುವ ಮಾತನ್ನು ಮರುದಿನ ತಾನೇ ಎತ್ತಿದರು; ತಂಗಿ ಅದನ್ನು ಬಹಳ ಹಿಂದೆಯೇ ಕೇಳಿದ್ದರು.